ಮನೆಯೊಳಗೊಂದು ಸರ್ವರ್

ಸರ್ವರ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಹೋಟೆಲು ನೆನಪಾಗುತ್ತದೆ. ಅದೇನೂ ತಪ್ಪಲ್ಲ. ನಿಮ್ಮಲ್ಲಿ ಅನೇಕರ ಹಿರಿಯರು ಈ ಮಹಾನಗರಕ್ಕೆ ಬಂದುದು ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸುವ, ತಟ್ಟೆ ಒಯ್ಯುವ ಕೆಲಸಕ್ಕಾಗಿಯೇ. ಗಿರಾಕಿಯು ಕುಳಿತಲ್ಲಿಂದಲೇ ತನಗೆ ಬೇಕಾದುದನ್ನು ಹೇಳುತ್ತಾನೆ. ಸರ್ವರನು ಒಳಗೆ ಹೋಗಿ ಅದನ್ನು ತಂದು ಮುಂದಿಡುತ್ತಾನೆ. ಇಡ್ಲಿ ಕೇಳಿದವನಿಗೆ ಇಡ್ಲಿ, ದೋಸೆ ಕೇಳಿದವನಿಗೆ ದೋಸೆ. ಗಣಕಯಂತ್ರಗಳ ಲೋಕದಲ್ಲಿಯೂ ಈ ಪದದ ಅರ್ಥ ಇಷ್ಟೇ. ನೀವು ಮೊಬೈಲಿನಲ್ಲಿ ಒಂದು ಚಿತ್ರವನ್ನು ಕೇಳುತ್ತೀರಿ. ಎಲ್ಲಿಯೋ ಇರುವ ಒಂದು ಯಂತ್ರವು ತನ್ನ ಉಗ್ರಾಣದಿಂದ ಆ ಚಿತ್ರವನ್ನು ತೆಗೆದು ನಿಮಗೆ ಕಳುಹಿಸುತ್ತದೆ. ಹಗಲಿರುಳು ಎಚ್ಚರವಾಗಿದ್ದು, ಕೇಳಿದವರಿಗೆ ಕೇಳಿದುದನ್ನು ಕೊಡತಕ್ಕ ಇಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು.

ಆ ‘ಎಲ್ಲಿಯೋ’ ಎಂಬುದು ಎಲ್ಲಿ? ಜನರು ಅದನ್ನು ಕ್ಲೌಡ್, ಎಂದರೆ ಮೋಡ, ಎಂದು ಕರೆಯುವುದು ರೂಢಿಯಾಗಿದೆ. ಹೆಸರಿಗೆ ಮರುಳಾಗಿ ಆಕಾಶವನ್ನು ನೋಡಬೇಡಿರಿ. ಈ ಮೋಡಗಳು ನಮ್ಮ ನೆರೆಯ ಐರೋಲಿ, ಪೊವಾಯಿಗಳ ದೊಡ್ಡ ಕಟ್ಟಡಗಳೊಳಗೆ, ತಂಪುಗಾಳಿಯ ಕೋಣೆಗಳಲ್ಲಿ, ಸಾಲು ಸಾಲು ಕಪಾಟುಗಳಾಗಿ ನಿಂತಿವೆ. ಸಿಂಗಾಪುರದಲ್ಲಿಯೂ ಅಮೆರಿಕದಲ್ಲಿಯೂ ಹಾಗೆಯೇ ನಿಂತಿವೆ. ದೂರದ ದೇಶಗಳಿಂದ ಬರುವ ಸಂದೇಶಗಳು ಸಮುದ್ರದ ತಳದಲ್ಲಿ ಹಾಸಿದ ಗಾಜಿನ ಎಳೆಗಳ ಮೂಲಕ ಹರಿದು ಬರುತ್ತವೆ. ಆ ಕೇಬಲುಗಳಲ್ಲಿ ಹಲವು ದಡ ಸೇರುವುದು ನಮ್ಮ ಮಾಲಾಡಿಗೆ ಬಹಳ ಸಮೀಪದಲ್ಲಿ, ಮಢ್‌ನಿಂದ ದೋಣಿಯಲ್ಲಿ ಖಾಡಿ ದಾಟಿದರೆ ಸಿಗುವ ವರ್ಸೋವಾದಲ್ಲಿ. ಅಲ್ಲಿ ಮೀನು ಒಣಗಿಸುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಮರಳಿನಡಿಯಲ್ಲಿ ಜಗತ್ತಿನ ಮಾತುಕತೆ ಹಾದುಹೋಗುತ್ತಿರುವುದು ಕಣ್ಣಿಗೆ ಕಾಣಿಸುವುದಿಲ್ಲ. 2008ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಇಂಥ ಎರಡು ಕೇಬಲುಗಳು ತುಂಡಾಗಲು, ಇಲ್ಲಿ ಮುಂಬಯಿಯ ಕಚೇರಿಗಳಲ್ಲಿ ಅಂತರಜಾಲವು ಕುಂಟುತ್ತ ಸಾಗಿತು.

ಆದರೆ ಸರ್ವರಿಗೆ ಅರಮನೆಯಂಥ ಕಟ್ಟಡ ಬೇಕೇ ಬೇಕೆಂದು ತಿಳಿಯಬಾರದು. ಜಗತ್ತಿನ ಮೊತ್ತಮೊದಲಿನ ವೆಬ್ ಸರ್ವರ್ ಜಿನೀವಾ ನಗರದ ಬಳಿಯ ಸರ್ನ್ ಎಂಬ ಸಂಶೋಧನಾಲಯದಲ್ಲಿ, ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿಯ ಮೇಜಿನ ಮೇಲೆ, 1990ರ ಕೊನೆಯಲ್ಲಿ ಕೆಲಸಕ್ಕೆ ತೊಡಗಿತು. ಯಾರಾದರೂ ತಿಳಿಯದೆ ಅದನ್ನು ಆರಿಸಿಬಿಟ್ಟಾರೆಂದು, ಇದು ಸರ್ವರ್, ಇದನ್ನು ಆರಿಸಬೇಡಿರಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅದರ ಮೇಲೆ ಅಂಟಿಸಿದ್ದರಂತೆ. ನಮ್ಮ ಮನೆಯ ಯಂತ್ರದ ಮೇಲೆಯೂ ಅಂಥದೊಂದು ಚೀಟಿಯಿದೆ. ಅದನ್ನು ಬರೆಯಬೇಕಾಗಿ ಬಂದುದು ಮನೆಯವರು ಮಿಕ್ಸರಿಗಾಗಿ ಅದರ ಪ್ಲಗ್ಗನ್ನು ಎರಡು ಬಾರಿ ಕಿತ್ತ ಮೇಲೆ.

ನಾವು ಈ ಹವ್ಯಾಸಕ್ಕೆ ಬಿದ್ದ ಕಾರಣವನ್ನು ಈಗ ಹೇಳಬೇಕು. ನಾವು ಕುಂದಾಪುರದ ಕಡೆಯವರು. ಊರಿನಲ್ಲಿ ನಮ್ಮ ಅಮ್ಮಮ್ಮ ನಾಟಿಯ ಹಾಡುಗಳನ್ನೂ ಗಾದೆಗಳನ್ನೂ ಹೇಳುತ್ತಿದ್ದಾಗ ಫೋನಿನಲ್ಲಿ ಧ್ವನಿಮುದ್ರಿಸಿ, ಹಣ ಕೇಳದ ಒಂದು ಕ್ಲೌಡ್ ಖಾತೆಯಲ್ಲಿ ಇರಿಸಿದ್ದೆವು. ಕೆಲವು ವರ್ಷಗಳ ಅನಂತರ ನಮ್ಮ ಫೋನಿನ ಸಂಖ್ಯೆ ಬದಲಾಯಿತು. ಖಾತೆಯ ಬಾಗಿಲು ತಟ್ಟಿದರೆ, ನೀವು ನೀವೇ ಎಂಬುದಕ್ಕೆ ಪ್ರಮಾಣ ಕೊಡಿರಿ ಎಂದು ಯಂತ್ರವು ಕೇಳುತ್ತಿತ್ತು. ಪ್ರಮಾಣದ ಅಂಕೆಗಳನ್ನು ಮಾತ್ರ ಹಳೆಯ ಸಂಖ್ಯೆಗೇ ಕಳುಹಿಸುತ್ತಿತ್ತು! ಪತ್ರ ಬರೆದೆವು, ಉತ್ತರವನ್ನೂ ಯಂತ್ರವೇ ಬರೆಯಿತು. ಅಷ್ಟರಲ್ಲಿ ಅಮ್ಮಮ್ಮ ತೀರಿಕೊಂಡಿದ್ದರು. ನಮ್ಮ ಮನೆಯ ದನಿಯನ್ನು ನಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳುವುದು ಲೇಸೆಂದು ನಮಗೆ ತೋರಿದುದು ಆಗ. ಅದು 2018ನೆಯ ಇಸವಿ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಪರದೆ ಬಿರುಕುಬಿಟ್ಟ ಹಳೆಯ ಲ್ಯಾಪ್‌ಟಾಪೊಂದನ್ನು 4,500 ರೂಪಾಯಿಗೆ ಕೊಂಡು ತಂದೆವು. ಸರ್ವರಿಗೆ ಪರದೆಯ ಅಗತ್ಯವಿಲ್ಲವಷ್ಟೆ. ಅದರಲ್ಲಿ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹೂಡಿದೆವು. ಇಯಾನ್ ಮರ್ಡಾಕ್ ಎಂಬ ತರುಣನು 1993ರಲ್ಲಿ ಆರಂಭಿಸಿದ ಈ ಕಾರ್ಯವನ್ನು ಇಂದು ಲೋಕದ ನಾನಾ ದೇಶಗಳ ಜನರು ಸಂಬಳವಿಲ್ಲದೆ ನಡೆಸಿಕೊಂಡು ಬರುತ್ತಿದ್ದಾರೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಡೆಬ್ರಾ ಎಂಬ ತನ್ನ ಪ್ರಿಯೆಯ ಹೆಸರನ್ನೂ ಇಯಾನ್ ಎಂಬ ತನ್ನ ಹೆಸರನ್ನೂ ಕೂಡಿಸಿ ಆತನು ಆ ಹೆಸರನ್ನು ಮಾಡಿದನು. ಸಂಧಿಪ್ರಕರಣವನ್ನು ಓದುವ ಒಂಬತ್ತನೆಯ ತರಗತಿಯವರು ಇದು ಯಾವ ಸಂಧಿಯೆಂದು ನಮ್ಮನ್ನು ಕೇಳದಿದ್ದರೆ ಸಾಕು. ಅದರ ಮೇಲೆ ಫೋಟೋಗಳನ್ನೂ ಕಡತಗಳನ್ನೂ ಇಡಲು ನೆಕ್ಸ್ಟ್‌ಕ್ಲೌಡ್. ಅಂತರಜಾಲವಿಲ್ಲದೆಯೇ ಕನ್ನಡ ವಿಕಿಪೀಡಿಯವನ್ನು ಓದಲು ಕಿವಿಕ್ಸ್. 2003ರಲ್ಲಿ ಆರಂಭವಾದ ಆ ವಿಶ್ವಕೋಶದ ಮೂವತ್ತು ಸಾವಿರಕ್ಕೂ ಮಿಕ್ಕಿದ ಲೇಖನಗಳು ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಕಾರ್ಡಿನಲ್ಲಿ ಅಡಗುತ್ತವೆ.

ವಿದ್ಯುತ್ತಿನ ಖರ್ಚೆಷ್ಟೆಂದು ಕೇಳುವಿರಾದರೆ ಲೆಕ್ಕ ಹಾಕಿರಿ. ನಮ್ಮ ಯಂತ್ರವು ಸುಮಾರು 12 ವಾಟ್ ಎಳೆಯುತ್ತದೆ. ಇಪ್ಪತ್ತನಾಲ್ಕು ಗಂಟೆಗಳಂತೆ ಮೂವತ್ತು ದಿನಗಳಿಗೆ 8,640 ವಾಟ್‌ಗಂಟೆ, ಅಂದರೆ ಒಂಬತ್ತು ಯೂನಿಟ್ಟಿಗೂ ಕಡಮೆ. ಯಂತ್ರವನ್ನು ಇಟ್ಟಿರುವುದು ದೇವರ ಗೂಡಿನ ಪಕ್ಕದ ಕಪಾಟಿನ ಮೇಲೆ. ಒಂದು ಕೋಣೆ ಒಂದು ಅಡುಗೆಮನೆಯ ಸಂಸಾರದಲ್ಲಿ ಬೇರೆ ಸ್ಥಳವೆಲ್ಲಿಯದು? ದೇವರ ದೀಪವಾದರೂ ರಾತ್ರಿ ಆರುತ್ತದೆ, ಇದರ ದೀಪಕ್ಕೆ ಆರುವುದೇ ತಿಳಿಯದು ಎಂದು ಮನೆಯವರು ಹೇಳುವುದುಂಟು.

ಇನ್ನು ವಿಳಾಸದ ವಿಷಯ. ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕೆಗಳ ವಿಳಾಸವಿರಬೇಕು. ಹಳೆಯ ಪದ್ಧತಿಯಲ್ಲಿ ಅಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಲೋಕದ ಜನರೋ ಎಂಟು ನೂರು ಕೋಟಿಗೂ ಹೆಚ್ಚು. ಆದಕಾರಣ ಅಂತರಜಾಲವನ್ನು ಒದಗಿಸುವ ಕಂಪೆನಿಗಳು ಅನೇಕ ಮನೆಗಳಿಗೆ ಒಂದೇ ವಿಳಾಸವನ್ನು ಹಂಚುತ್ತವೆ. ಇಡೀ ಚಾಳಿಗೆ ಬಾಗಿಲಲ್ಲಿ ಒಬ್ಬ ವಾಚಮನ್ ಮಾತ್ರ ಇದ್ದಾನೆ, ಖೋಲಿಗಳ ಮೇಲೆ ಸಂಖ್ಯೆ ಬರೆದಿಲ್ಲ ಎಂದು ಭಾವಿಸಿರಿ. ಯಾವನಾದರೂ ಒಳಗಿನಿಂದ ಹೊರಗೆ ಪತ್ರ ಬರೆದರೆ ವಾಚಮನನು ಅದನ್ನು ನೆನಪಿಟ್ಟುಕೊಂಡು, ಉತ್ತರ ಬಂದಾಗ ಅವನ ಖೋಲಿಗೇ ತಲಪಿಸುತ್ತಾನೆ. ಹೊರಗಿನವನೊಬ್ಬನು ತಾನಾಗಿಯೇ ಪತ್ರ ಕಳುಹಿಸಿದರೆ, ಯಾರಿಗೆ ಕೊಡಬೇಕೆಂದು ತಿಳಿಯದೆ ಎಸೆದುಬಿಡುತ್ತಾನೆ. ಮನೆಯ ಸರ್ವರನ್ನು ಹೊರಗಿನಿಂದ ಕಾಣಲಾಗದಿರುವುದು ಈ ಕಾರಣದಿಂದ. ಹೆಚ್ಚು ಹಣ ತೆತ್ತರೆ ಸ್ವಂತ ವಿಳಾಸವನ್ನು ಕೊಡುವ ಕಂಪೆನಿಗಳುಂಟು.

ನಾವೂ ಮೂರು ತಿಂಗಳು ಹಣ ತೆತ್ತೆವು. ವಿಳಾಸ ಸಿಕ್ಕ ದಿನ ರಾತ್ರಿ ಯಂತ್ರದ ದಿನಚರಿಯನ್ನು ತೆರೆದು ನೋಡಿದರೆ, ಎಲ್ಲಿಯವರೋ ಗೊತ್ತಿಲ್ಲದವರು ನಮ್ಮ ಬಾಗಿಲನ್ನು ನೂರಾರು ಬಾರಿ ತಟ್ಟಿಹೋಗಿದ್ದರು. ಒಂದೊಂದು ತಟ್ಟಿಗೆ ಒಂದೊಂದು ಹೆಸರು, ಒಂದೊಂದು ಗುಟ್ಟುಮಾತು! ಇವರು ಮನುಷ್ಯರಲ್ಲ, ಲೋಕದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡುವಂತೆ ಯಾರೋ ಬಿಟ್ಟಿರುವ ಯಂತ್ರಗಳು. ನಮ್ಮ ಬೀಗ ಗಟ್ಟಿಯಾಗಿತ್ತಾದರೂ ನಿದ್ರೆ ಬರಲಿಲ್ಲ. ಮೂರನೆಯ ತಿಂಗಳಿನಲ್ಲಿ ಆ ಬಾಗಿಲನ್ನು ಮುಚ್ಚಿದೆವು. ಅಂಚೆಯನ್ನೂ, ಅಂದರೆ ಇಮೇಲನ್ನೂ, ಮನೆಯಿಂದಲೇ ನಡೆಸುತ್ತೇವೆಂದು ಹೊರಡುವ ಉತ್ಸಾಹಿಗಳಿದ್ದಾರೆ. ಮನೆಯ ವಿಳಾಸದಿಂದ ಬರುವ ಪತ್ರಗಳನ್ನು ದೊಡ್ಡ ಕಂಪೆನಿಗಳ ಯಂತ್ರಗಳು ಹೆಚ್ಚಾಗಿ ಕಸವೆಂದೇ ಎಣಿಸುವುದರಿಂದ ನಾವು ಆ ಗೋಜಿಗೆ ಹೋಗಲಿಲ್ಲ.

2020ರಲ್ಲಿ ಸೋಂಕಿನ ನಿಮಿತ್ತ ಶಾಲೆಗಳು ಮುಚ್ಚಿದವಷ್ಟೆ. ಆಗ ಆರನೆಯ, ಏಳನೆಯ ತರಗತಿಯವರಿಗೆ ನಾವು ಒಂದು ಮನೆಗೆಲಸವನ್ನು ಕೊಟ್ಟೆವು: ಮನೆಯ ಹಿರಿಯರಿಂದ ಅವರ ಊರಿನ ಮಾತಿನಲ್ಲಿ ಒಂದು ಕಥೆಯನ್ನು ಹೇಳಿಸಿ, ಫೋನಿನಲ್ಲಿ ಮುದ್ರಿಸಿ ಕಳುಹಿಸಿರಿ. ಮೂವತ್ತೆಂಟು ದನಿಗಳು ಬಂದವು. ಕುಂದಾಪುರದ ಮಾತು, ಧಾರವಾಡದ ಮಾತು, ವಿಜಯಪುರದ ಮಾತು, ಸೊಲ್ಲಾಪುರದ ಗಡಿಯ ಮಾತು. ಹಿಂದೆ ಕುಕ್ಕರಿನ ಶಿಳ್ಳೆ, ಲೋಕಲ್ ಗಾಡಿಯ ಸದ್ದು. ಅವನ್ನೆಲ್ಲ ನಮ್ಮ ಯಂತ್ರಕ್ಕೆ ಜೋಡಿಸಿದ ಹೊರಗಿನ ಡಿಸ್ಕಿನಲ್ಲಿ ಇಟ್ಟೆವು. ಪ್ರತಿ ರಾತ್ರಿ ಎರಡು ಗಂಟೆಗೆ ಆ ಡಿಸ್ಕಿನಲ್ಲಿ ಇರುವುದನ್ನೆಲ್ಲ ಒಳಗಿನ ಡಿಸ್ಕಿಗೆ ನಕಲು ಮಾಡಬೇಕು, ಅಲ್ಲಿ ಅಳಿಸಿದುದನ್ನು ಇಲ್ಲಿಯೂ ಅಳಿಸಬೇಕು ಎಂದು ಯಂತ್ರಕ್ಕೆ ಆಜ್ಞೆ ಬರೆದಿಟ್ಟೆವು. ಎರಡು ಪ್ರತಿಗಳಿವೆ, ಇನ್ನೇನು ಭಯವೆಂದು ನಿಶ್ಚಿಂತರಾದೆವು.

ಆ ವರುಷ ಅಕ್ಟೋಬರ್ 12ರಂದು ಬೆಳಗ್ಗೆ ಮುಂಬಯಿಗೆ ಮುಂಬಯಿಯೇ ವಿದ್ಯುತ್ತಿಲ್ಲದೆ ನಿಂತಿತು. ಲೋಕಲ್ ಗಾಡಿಗಳು ಹಳಿಗಳ ಮೇಲೆಯೇ ನಿಂತುದು ನಿಮಗೆ ಮನೆಯವರು ಹೇಳಿರಬಹುದು. ನಮ್ಮ ಲ್ಯಾಪ್‌ಟಾಪು ತನ್ನ ಬ್ಯಾಟರಿಯಿಂದ ನಡೆಯುತ್ತಲೇ ಇತ್ತು. ಹೊರಗಿನ ಡಿಸ್ಕಿಗೆ ಬೇರೆ ಪ್ಲಗ್ಗು, ಅದು ಆರಿತು. ವಿದ್ಯುತ್ತು ಮರಳಿದಾಗ ಆ ಡಿಸ್ಕು ಟಿಕ್ ಟಿಕ್ ಎಂದಿತೇ ಹೊರತು ತೆರೆಯಲಿಲ್ಲ. ನಾವದನ್ನು ಗಮನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಯಂತ್ರವು ಆಜ್ಞೆಯಂತೆ ನೋಡಿತು. ಡಿಸ್ಕು ಇರಬೇಕಾದ ಜಾಗ ಖಾಲಿ. ಯಜಮಾನನು ಎಲ್ಲವನ್ನೂ ಅಳಿಸಿದ್ದಾನೆಂದು ತಿಳಿದು, ನಕಲನ್ನೂ ಪ್ರಾಮಾಣಿಕವಾಗಿ ಅಳಿಸಿಹಾಕಿತು. ನಮಗೆ ಇದು ತಿಳಿದುದು ಆರು ದಿನಗಳ ಮೇಲೆ. ಯಾವ ಕಂಪೆನಿಗೆ ಪತ್ರ ಬರೆಯುವುದು? ಆಜ್ಞೆಯನ್ನು ಬರೆದವರು ನಾವೇ.

ವಿದ್ಯಾರ್ಥಿಗಳ ಮನೆಗಳಿಗೆಲ್ಲ ಫೋನು ಮಾಡಿದೆವು. ಮೂವತ್ತೊಂದು ದನಿಗಳು ಅವರವರ ಫೋನುಗಳಲ್ಲಿ ಉಳಿದಿದ್ದವು. ಏಳು ಉಳಿದಿರಲಿಲ್ಲ; ಫೋನು ತುಂಬಿತೆಂದು ಅಳಿಸಿದ್ದರು, ಮಾಸ್ತರರ ಬಳಿ ಇದೆಯಲ್ಲ ಎಂಬ ಧೈರ್ಯದಿಂದ. ಆರು ಮಂದಿ ಹಿರಿಯರು ಮತ್ತೊಮ್ಮೆ ಕಥೆ ಹೇಳಿದರು. ಏಳನೆಯವರು ವಿಜಯಪುರದ ಕಡೆಯ ಒಬ್ಬ ಅಜ್ಜಿ. ಆ ನಡುವೆ ಅವರು ತೀರಿಕೊಂಡಿದ್ದರು. ಶಾಲೆ ತೆರೆದ ಮೇಲೆ ಆಕೆಯ ಮೊಮ್ಮಗಳು ಸಿಬ್ಬಂದಿಯ ಕೋಣೆಯ ಬಾಗಿಲಲ್ಲಿ ನಿಂತು, “ಸರ್, ನಮ್ಮ ಅಜ್ಜಿ ದನಿ ಸಿಕ್ತೇನ್ರಿ?” ಎಂದು ಕೇಳಿದಳು. ಇಲ್ಲವೆಂದೆವು. ಅವಳು ಏನೂ ಅನ್ನದೆ ತರಗತಿಗೆ ಹೋದಳು.

ಈಗ ನಮ್ಮ ಏರ್ಪಾಡು ಬೇರೆ. ಹೊರಗಿನ ಡಿಸ್ಕಿನಲ್ಲಿ ‘ಇದ್ದೇನೆ’ ಎಂಬ ಹೆಸರಿನ ಒಂದು ಪುಟ್ಟ ಕಡತವನ್ನು ಇಟ್ಟಿದ್ದೇವೆ. ನಕಲು ಮಾಡುವ ಮೊದಲು ಯಂತ್ರವು ಆ ಕಡತವನ್ನು ಹುಡುಕಬೇಕು. ಕಾಣದಿದ್ದರೆ ಏನನ್ನೂ ಮುಟ್ಟದೆ ನಮ್ಮ ಫೋನಿಗೆ ಸುದ್ದಿ ಕಳುಹಿಸಬೇಕು. ಅಳಿಸಿದುದನ್ನು ಮೂವತ್ತು ದಿನ ಬೇರೆ ಗೂಡಿನಲ್ಲಿ ಕಾದಿಡಬೇಕು. ಎರಡನೆಯ ಪ್ರತಿಯ ಡಿಸ್ಕನ್ನು ರವಿವಾರ ಮಾತ್ರ ಜೋಡಿಸಿ, ಕೆಲಸ ಮುಗಿದೊಡನೆ ಬಿಚ್ಚಿ ಡಬ್ಬಿಯಲ್ಲಿ ಇಡುತ್ತೇವೆ. ಮಳೆಗಾಲದ ತೇವಕ್ಕೆ ಡಬ್ಬಿಯೊಳಗೆ ತೇವ ಹೀರುವ ಪೊಟ್ಟಣವೂ ಉಂಟು. ತಿಂಗಳಿಗೊಮ್ಮೆ ಯಾವುದಾದರೂ ಒಂದು ದನಿಯನ್ನು ನಕಲಿನಿಂದ ತೆಗೆದು ಕೊನೆಯವರೆಗೂ ಕೇಳುತ್ತೇವೆ. ಕೇಳಿ ನೋಡದ ನಕಲು ಇದ್ದೂ ಇಲ್ಲದಂತೆ.

ಈ ದನಿಗಳನ್ನು ಜಗತ್ತಿಗೆಲ್ಲ ತೆರೆದಿಟ್ಟಿಲ್ಲ. ಅವು ನಿಮ್ಮ ಮನೆಗಳ ಸೊತ್ತು. ಶನಿವಾರಗಳಲ್ಲಿ ನಾವು ಊಟದ ಚೀಲದಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ಶಾಲೆಗೆ ತರುವುದನ್ನು ನೀವು ಕಂಡಿದ್ದೀರಿ. ಇಂಗ್ಲೆಂಡಿನ ಕೇಂಬ್ರಿಜ್‌ನವರು ಶಾಲಾಬಾಲಕರಿಗೆಂದೇ ಇದನ್ನು ರಚಿಸಿ 2012ರಲ್ಲಿ ಮಾರಾಟಕ್ಕೆ ತಂದರು. ಅದು ತಾನೇ ಒಂದು ಚಿಕ್ಕ ವೈಫೈ ಜಾಲವನ್ನು ಹರಡುತ್ತದೆ. ತರಗತಿಯ ಗೋಡೆಯಾಚೆಗೆ ಅದರ ವ್ಯಾಪ್ತಿ ಅಷ್ಟಕ್ಕಷ್ಟೆ. ಆ ಜಾಲದೊಳಗೆ ಅಂತರಜಾಲವಿಲ್ಲ, ಜಾಹೀರಾತಿಲ್ಲ, ಹಿರಿಯರ ದನಿಗಳೂ ವಿಶ್ವಕೋಶವೂ ಇವೆ. ಇಂಥ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡಿದವರು ಕರ್ನಾಟಕದಲ್ಲಿದ್ದಾರೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿಯ ದುರ್ಗದಹಳ್ಳಿಯಲ್ಲಿ ಜನಸ್ತು ಎಂಬ ಸಂಸ್ಥೆಯವರು, ಊರವರೆಲ್ಲ ಸೇರಿ ಬಳಸತಕ್ಕ ತಂತಿರಹಿತ ಜಾಲವನ್ನು ಹೂಡಿ, ಹಳ್ಳಿಗರ ಮಾತು ಕಥೆಗಳನ್ನು ಊರೊಳಗೇ ಇರಿಸಿ ಕೇಳಿಸುವ ಪ್ರಯೋಗವನ್ನು ನಡೆಸಿದ್ದಾರೆ.

ನಿಮ್ಮಲ್ಲಿ ಯಾರಿಗಾದರೂ ಇದರಲ್ಲಿ ಕೈಹಾಕುವ ಮನಸ್ಸಿದ್ದರೆ ಹೊಸದೇನನ್ನೂ ಕೊಳ್ಳುವಂತೆ ತಂದೆಯವರನ್ನು ಪೀಡಿಸಬೇಡಿರಿ. ಮೂಲೆಗೆ ಬಿದ್ದ ಗಣಕವೊಂದು ಸಾಕು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚದೆ, ಒತ್ತದೆ, ಹಿರಿಯರಿಗೆ ತಿಳಿಸಿ ತೆಗೆಸಿರಿ. ಅದು ಹೊತ್ತಿಕೊಳ್ಳುವ ಪದಾರ್ಥ.

ಮೂರನೆಯ ಪ್ರತಿಯ ವಿಷಯವನ್ನು ಹೇಳಲು ಮರೆತೆವು. ಅದು ಈ ನಗರದಲ್ಲಿ ಇಲ್ಲ. ಪ್ರತಿವರ್ಷ ಮೇ ತಿಂಗಳಿನಲ್ಲಿ ನಾವು ಮತ್ಸ್ಯಗಂಧಾ ಗಾಡಿಯಲ್ಲಿ ಊರಿಗೆ ಹೋಗುವಾಗ, ಬಟ್ಟೆಗಳ ನಡುವೆ ಸುತ್ತಿದ ಒಂದು ಡಿಸ್ಕು ನಮ್ಮೊಡನೆ ಕುಂದಾಪುರದಲ್ಲಿ ಇಳಿಯುತ್ತದೆ. ಹಿಂದಿನ ವರ್ಷದ್ದು ಅಮ್ಮಮ್ಮನ ಮರದ ಪೆಟ್ಟಿಗೆಯಿಂದ ಹೊರಬರುತ್ತದೆ, ಹೊಸದು ಒಳಗೆ ಹೋಗುತ್ತದೆ. ಈ ವರ್ಷದ ದನಿಗಳನ್ನು ಕೊಡತಕ್ಕವರು ಏಪ್ರಿಲ್ ಮುಗಿಯುವುದರೊಳಗೆ ಕೊಡಬೇಕು. ಕೊಟ್ಟ ಮೇಲೆ ನಿಮ್ಮ ಫೋನಿನಲ್ಲಿರುವುದನ್ನು ಅಳಿಸಬೇಡಿರಿ.