ಮೆಂಟಲ್ಲಾ, ನ್ಯೂರೋನಾ?

ಹಾಸ್ಟೆಲ್ ಅಡ್ಮಿಷನ್ ಫಾರ್ಮ್‌ನ ಮೂರನೇ ಪೇಜಲ್ಲಿ ಒಂದು ಸಾಲು ಇತ್ತು: ಫಿಟ್ಸ್ ಅಥವಾ ಮಾನಸಿಕ ಕಾಯಿಲೆ ಇದೆಯೇ? ಹೌದು / ಇಲ್ಲ. ನಾನು ಓದದೇನೇ 'ಇಲ್ಲ'ಕ್ಕೆ ಟಿಕ್ ಹಾಕಿದ್ದೆ. ನನ್ನ ರೂಮ್‌ಮೇಟ್ ಎರಡು ಸಲ ಓದಿ, ಯೋಚನೆ ಮಾಡಿ, 'ಇಲ್ಲ'ಕ್ಕೆ ಟಿಕ್ ಹಾಕಿದ್ದ. ಅವನಿಗೆ ಎಂಟನೇ ಕ್ಲಾಸಿಂದ ಫಿಟ್ಸ್ ಇದೆ. (ಅವನನ್ನ ಕೇಳಿಯೇ ಬರೀತಿದ್ದೀನಿ. ಹೆಸರು ಮಾತ್ರ ಬೇಡ ಅಂದ.)

ನಮಗೆ ಗೊತ್ತಾಗಿದ್ದು ಫಸ್ಟ್ ಇಯರ್ ಇಂಟರ್ನಲ್ಸ್ ಟೈಮಲ್ಲಿ. ಎರಡು ರಾತ್ರಿ ನಿದ್ದೆಗೆಟ್ಟು ಮ್ಯಾಥ್ಸ್ ಓದಿದ್ದ, ಮಾತ್ರೆನೂ ಮರೆತಿದ್ದ. ಬೆಳಗ್ಗೆ ಮೆಸ್ ಕ್ಯೂನಲ್ಲಿ ತಟ್ಟೆ ಸಮೇತ ಬಿದ್ದ. ಕೈಕಾಲು ಸೆಳೀತಾ ಇತ್ತು, ಬಾಯಲ್ಲಿ ನೊರೆ. ಯಾರೋ ಬೀಗದ ಕೈ ತಂದು ಅವನ ಮುಷ್ಟಿಗೆ ತುರುಕಿದರು, ಇನ್ಯಾರೋ ಈರುಳ್ಳಿಗೆ ಅಡುಗೆಮನೆ ಕಡೆ ಓಡಿದರು. ಎರಡು ನಿಮಿಷದಲ್ಲಿ ತಾನಾಗೇ ನಿಂತಿತು. ಕ್ರೆಡಿಟ್ ಮಾತ್ರ ಬೀಗದ ಕೈಗೆ ಹೋಯ್ತು. ಸಂಜೆ ಹೊತ್ತಿಗೆ ಕಾರಿಡಾರಲ್ಲಿ 'ಮೆಂಟಲ್ ಅಂತೆ' ಅನ್ನೋ ಮಾತು ಓಡಾಡ್ತಿತ್ತು. ಒಬ್ಬ 'ನಿಮ್ಹಾನ್ಸ್ ಕೇಸ್ ಗುರು' ಅಂದು ನಕ್ಕ.

ರೂಮಲ್ಲಿ ಮಲಗಿದ್ದವನು ಗೋಡೆ ಕಡೆ ತಿರುಗಿಕೊಂಡು ಹೇಳಿದ: "ನಂದು ಮೆಂಟಲ್ ಅಲ್ಲ ಕಣೋ, ನ್ಯೂರೋ."

ಆ ಎರಡು ಪದದ ಮಧ್ಯೆ ಏನು ವ್ಯತ್ಯಾಸ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಓದೋಕೆ ಶುರು ಮಾಡಿದೆ.

ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಕಾಯಿಲೆಗಳಿಗೂ ಕೋಡ್ ಕೊಡುವ ಒಂದು ದೊಡ್ಡ ಪಟ್ಟಿ ಇಟ್ಟಿದೆ. ಹೆಸರು ಐಸಿಡಿ. ಅದರ ಹತ್ತನೇ ಆವೃತ್ತಿಯಲ್ಲಿ ಮಾನಸಿಕ ಕಾಯಿಲೆಗಳ ಕೋಡ್ 'ಎಫ್' ಅಕ್ಷರದಿಂದ, ನರಮಂಡಲದ ಕಾಯಿಲೆಗಳದ್ದು 'ಜಿ'ಯಿಂದ ಶುರುವಾಗುತ್ತೆ. ಡಿಪ್ರೆಶನ್ ಎಫ್32, ಆಟಿಸಂ ಎಫ್84. ಫಿಟ್ಸ್, ಅಂದರೆ ಎಪಿಲೆಪ್ಸಿ, ಜಿ40. ಹಾಗಾಗಿ ನನ್ನ ರೂಮ್‌ಮೇಟ್ ಹೇಳಿದ್ದು ನೂರಕ್ಕೆ ನೂರು ಸರಿ. ಮೆದುಳಿನ ನರಕೋಶಗಳು ಒಂದಕ್ಕೊಂದು ಸಣ್ಣ ಸಣ್ಣ ವಿದ್ಯುತ್ ಸಿಗ್ನಲ್ ಕಳಿಸ್ತಾ ಇರುತ್ತವೆ. ಒಂದಷ್ಟು ಕೋಶಗಳು ಏಕಾಏಕಿ ಒಟ್ಟಿಗೆ, ಅತಿಯಾಗಿ ಫೈರ್ ಆದರೆ ಅದೇ ಸೀಜರ್. ಇಇಜಿ ಹಾಕಿದರೆ ಎಷ್ಟೋ ಸಲ ಅದು ಅಲೆಯಾಗಿ ಕಾಣುತ್ತೆ. ಮಕ್ಕಳಲ್ಲಿ ಬರುವ ಒಂದು ಬಗೆಯ ಫಿಟ್ಸ್‌ನಲ್ಲಿ ಮಗು ಬೀಳೋದೇ ಇಲ್ಲ, ಕೆಲವು ಸೆಕೆಂಡ್ ಸುಮ್ಮನೆ ಎಲ್ಲೋ ನೋಡ್ತಾ ಇರುತ್ತೆ. ಇಇಜಿಯಲ್ಲಿ ಮಾತ್ರ ಸೆಕೆಂಡಿಗೆ ಮೂರರಂತೆ ಸ್ಪೈಕ್‌ಗಳ ಸಾಲು. ಮೇಷ್ಟ್ರು 'ಕನಸು ಕಾಣ್ತೀಯಾ' ಅಂತ ಬೈದಿರ್ತಾರೆ ಅಷ್ಟೇ.

ಸರಿ, ನಮ್ಮ ಭಾಷೆಯಲ್ಲೇ ಹೇಳೋಣ ಅಂತ ನಾನೊಂದು ಉಪಮೆ ಕಟ್ಟಿಕೊಂಡೆ. ನ್ಯೂರೋ ಅಂದ್ರೆ ಹಾರ್ಡ್‌ವೇರ್ ಫಾಲ್ಟ್, ಮೆಂಟಲ್ ಅಂದ್ರೆ ಸಾಫ್ಟ್‌ವೇರ್ ಬಗ್. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಥರದ ಬೆಳವಣಿಗೆಗೆ ಸಂಬಂಧಪಟ್ಟವು ಮಧ್ಯದಲ್ಲಿ ಬಂದು ಹೋಗೋವಲ್ಲ, ಬೋರ್ಡ್ ಡಿಸೈನ್ ಆಗುವಾಗಲೇ ಬೇರೆ ಥರ ಆದವು. ಕೇಳೋಕೆ ಚೆನ್ನಾಗಿದೆ. ಹಾಸ್ಟೆಲ್‌ನಲ್ಲಿ ನಾಲ್ಕು ಜನರಿಗೆ ಹೇಳಿ ಶಭಾಷ್‌ಗಿರಿನೂ ತಗೊಂಡೆ. ಆದರೆ ಓದ್ತಾ ಹೋದಂಗೆ ಉಪಮೆ ಒಡೆದುಹೋಯ್ತು.

ಹತ್ತೊಂಬತ್ತನೇ ಶತಮಾನದ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ಕಾಯಿಲೆಯವರು ತುಂಬಾ ಇದ್ದರು: ಭ್ರಮೆ, ಬುದ್ಧಿ ಕುಂದೋದು, ಆಮೇಲೆ ಪಾರ್ಶ್ವವಾಯು, ಸಾವು. ಪಕ್ಕಾ 'ಮೆಂಟಲ್'. 1913ರಲ್ಲಿ ನೊಗುಚಿ ಮತ್ತು ಮೂರ್ ಅನ್ನೋ ಇಬ್ಬರು ಅಂಥವರ ಮೆದುಳಿನಲ್ಲಿ ಸಿಫಿಲಿಸ್ ಬ್ಯಾಕ್ಟೀರಿಯಾ ಕಂಡರು. ಅಲ್ಲಿಗೆ ಅದು ಸೋಂಕು ರೋಗ. ಕಾರಣ ಸಿಕ್ಕ ತಕ್ಷಣ ಡ್ರಾಯರ್ ಬದಲು! ಇನ್ನೊಂದು ತಮಾಷೆ ಅಂದ್ರೆ, ಇವತ್ತು ನರರೋಗ ತಜ್ಞರ ಮುಖ್ಯ ಉಪಕರಣವಾದ ಇಇಜಿಯಲ್ಲಿ ಮನುಷ್ಯನ ಮೆದುಳಿನ ಅಲೆಗಳನ್ನ 1924ರಲ್ಲಿ ಮೊದಲು ದಾಖಲಿಸಿದ ಹಾನ್ಸ್ ಬರ್ಗರ್ ಒಬ್ಬ ಮನೋವೈದ್ಯ.

ಐಸಿಡಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಸ್ಟ್ರೋಕ್ ರಕ್ತಪರಿಚಲನೆಯ ಅಧ್ಯಾಯ ಬಿಟ್ಟು ನರಮಂಡಲಕ್ಕೆ ಬಂತು. ನಿದ್ದೆ ಬಾರದಿರೋದು ಮೊದಲು ಅರ್ಧ ಎಫ್‌ನಲ್ಲಿ, ಅರ್ಧ ಜಿಯಲ್ಲಿ ಇತ್ತು. ಈಗ ನಿದ್ದೆಗೇ ಬೇರೆ ಅಧ್ಯಾಯ. ಟುರೆಟ್ ಸಿಂಡ್ರೋಮ್, ಅಂದರೆ ತಡೆಯೋಕಾಗದೆ ಕಣ್ಣು ಮಿಟುಕಿಸೋದು, ಶಬ್ದ ಹೊರಡಿಸೋದು, ಇದಕ್ಕೆ ನರಮಂಡಲವೂ ತಾಯಿ, ಬೆಳವಣಿಗೆಯ ಗುಂಪೂ ತಾಯಿ. ಜಾವಾದಲ್ಲಿ ಒಂದು ಕ್ಲಾಸು ಎರಡು ಕ್ಲಾಸುಗಳನ್ನ ಎಕ್ಸ್‌ಟೆಂಡ್ ಮಾಡೋಕಾಗಲ್ಲ. ಐಸಿಡಿಯಲ್ಲಿ ಆಗುತ್ತೆ, ಸಿ ಪ್ಲಸ್ ಪ್ಲಸ್ ಥರ.

ಹಂಗಾದ್ರೆ ಡ್ರಾಯರ್‌ಗಳು ಬರೀ ಸುಳ್ಳಾ? ಅಲ್ಲ. ನೋಡೋಕೆ ಥೇಟ್ ಫಿಟ್ಸ್ ಥರಾನೇ ಇರುವ ಇನ್ನೊಂದು ಇದೆ. ಅದೇ ಸೆಳೆತ, ಅದೇ ಬೀಳೋದು, ಆದರೆ ಆ ಹೊತ್ತಿನ ಇಇಜಿಯಲ್ಲಿ ಎಪಿಲೆಪ್ಸಿಯ ಅಲೆ ಇರಲ್ಲ. ನಾಟಕ ಅಲ್ಲ ಅದು, ಅವರ ಕೈಲಿ ತಡೆಯೋಕೂ ಆಗಲ್ಲ. ಐಸಿಡಿ ಅದನ್ನ ಮಾನಸಿಕ ಅಧ್ಯಾಯದಲ್ಲಿ ಇಟ್ಟಿದೆ. ಅದಕ್ಕೆ ಎಪಿಲೆಪ್ಸಿ ಮಾತ್ರೆ ಕೊಟ್ಟರೆ ಉಪಯೋಗ ಇಲ್ಲ, ಮಾತಿನ ಚಿಕಿತ್ಸೆ ಬೇಕು. ತಪ್ಪು ಡ್ರಾಯರ್‌ಗೆ ಹಾಕಿದರೆ ವರ್ಷಗಟ್ಟಲೆ ತಪ್ಪು ಮಾತ್ರೆ ನುಂಗಬೇಕಾಗುತ್ತೆ. ವರ್ಗೀಕರಣದ ಕೆಲಸ ಇದು: ಯಾವ ಡಾಕ್ಟರು, ಯಾವ ಚಿಕಿತ್ಸೆ.

ಕಷ್ಟ ಶುರುವಾಗೋದು ಅದನ್ನ ಬೇರೆ ಕೆಲಸಕ್ಕೆ ಬಳಸಿದಾಗ. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ ಒಂದು ಷರತ್ತು ಸೇರಿತು: ಮದುವೆ ಆಗೋವ್ರಿಗೆ ಪದೇ ಪದೇ ಹುಚ್ಚು ಅಥವಾ ಅಪಸ್ಮಾರ ಬರ್ತಿರಬಾರದು. ಒಂದೇ ಸಾಲಲ್ಲಿ ಎರಡೂ, ನಮ್ಮ ಹಾಸ್ಟೆಲ್ ಫಾರ್ಮ್ ಥರಾನೇ. ಅಪಸ್ಮಾರ ಅನ್ನೋ ಪದ ತೆಗೆಯೋಕೆ 1999 ಬರಬೇಕಾಯ್ತು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂಥವರ ಮದುವೆಗೆ ಕಾನೂನೇ ಅಡ್ಡ ನಿಂತಿತ್ತು.

ಇಷ್ಟೆಲ್ಲ ಓದಿದ ಜೋಶ್‌ನಲ್ಲಿ ನಾನು ಕಾರಿಡಾರ್ ಪೂರ್ತಿ ಹೇಳ್ಕೊಂಡು ಬಂದೆ: "ಅವನು ಮೆಂಟಲ್ ಅಲ್ಲ, ನ್ಯೂರೋ. ಹಂಗೆಲ್ಲ ಅನ್ನಬೇಡಿ." ಕೊನೇ ರೂಮಿನಲ್ಲಿ ಒಬ್ಬ ಸೀನಿಯರ್ ಇದ್ದರು. ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ನಾನು ಒಂದು ವರ್ಷದಿಂದ ಡಿಪ್ರೆಶನ್‌ಗೆ ಮಾತ್ರೆ ತಗೋತಿದೀನಿ. ಹಂಗಾದ್ರೆ ನಂಗೆ ಅನ್ನಬಹುದಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಒಬ್ಬನನ್ನ ಆ ಡ್ರಾಯರಿಂದ ಎತ್ತೋ ಭರದಲ್ಲಿ, ಅದರೊಳಗೆ ಇರೋವ್ರನ್ನ ಬೈಯೋದು ಸರಿ ಅಂತ ನಾನೇ ಒಪ್ಪಿಕೊಂಡು ಬಂದಿದ್ದೆ. 'ನಿಮ್ಹಾನ್ಸ್ ಕೇಸ್' ಅಂದವನಿಗೂ ನನಗೂ ಏನು ದೊಡ್ಡ ವ್ಯತ್ಯಾಸ? ಆ ಸಂಸ್ಥೆಯ ಹೆಸರಲ್ಲೇ ಮಾನಸಿಕ ಆರೋಗ್ಯವೂ ಇದೆ, ನರವಿಜ್ಞಾನವೂ ಇದೆ. 1974ರಿಂದ ಎರಡೂ ಒಂದೇ ಸೂರಿನಡಿ. ಬೈಕಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರೂ ಅಲ್ಲಿಗೇ ಹೋಗ್ತಾರೆ.

ಈಗ ಸೀನಿಯರ್ ನಮ್ಮ ರೂಮಿಗೆ ಚಹಾಕ್ಕೆ ಬರ್ತಾರೆ. ಇಬ್ಬರೂ ಯಾರ ಮಾತ್ರೆ ದೊಡ್ಡದು ಅಂತ ಜಗಳ ಆಡ್ತಾರೆ. ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ನಾವೆಲ್ಲ ಕಲಿತಿದ್ದೀವಿ: ಸುತ್ತ ಇರೋ ಗಟ್ಟಿ ವಸ್ತು ಸರಿಸಿ, ತಲೆ ಕೆಳಗೆ ಮೆತ್ತಗಿನದ್ದು ಏನಾದರೂ ಇಡಿ, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಮಲಗಿಸಿ. ಬಲವಾಗಿ ಹಿಡ್ಕೋಬೇಡಿ, ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ಈ ವರ್ಷವೂ ಫಾರ್ಮ್‌ನಲ್ಲಿ ಅದೇ ಸಾಲು, ಅದೇ ಎರಡು ಡಬ್ಬಿ. ಅವನು 'ಹೌದು'ಗೆ ಟಿಕ್ ಹಾಕಿದ. ಪಕ್ಕದ ಖಾಲಿ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದ: "ಫಿಟ್ಸ್. ಮಾತ್ರೆ ರಾತ್ರಿ ಒಂಬತ್ತಕ್ಕೆ. ಬೀಗದ ಕೈ ಬೇಡ."