ಬಣ್ಣ ಕೆರೆದಾಗ ಕಾಣುವ ಕಾರು

ಹಳೇ ಅಂಬಾಸಿಡರನ್ನೋ ಪದ್ಮಿನಿಯನ್ನೋ ಗ್ಯಾರೇಜಿಗೆ ತಂದು ನಿಲ್ಲಿಸಿದವರು ಮೊದಲು ಕೇಳುವುದು ‘ಯಾವ ಕಲರ್ ಹೊಡೆಸೋಣ?’ ಎಂದು. ಪೇಂಟರ್ ಕೂಡ ಶೇಡ್ ಕಾರ್ಡ್ ಹಿಡಿದುಕೊಂಡೇ ಮಾತು ಶುರುಮಾಡುತ್ತಾನೆ. ಈಗಾಗಲೇ ಇರುವ ಬಣ್ಣದ ಗತಿ ಏನು ಅಂದರೆ ‘ಅದೆಲ್ಲ ಉಜ್ಜಿಬಿಡ್ತೀವಿ ಸಾರ್’ ಎಂಬಲ್ಲಿಗೆ ವಿಷಯ ಮುಗಿಯಿತು. ಹೊಸ ಬಣ್ಣ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದಿದೆ, ಬಿರುಕು ಬಿಟ್ಟಿದೆ ಎಂದು ಗೋಳಾಡುವವರಲ್ಲಿ ಬಹುಪಾಲು ಜನ ಈ ಮಾತನ್ನು ನಂಬಿ ಮನೆಗೆ ಹೋದವರು.

ನಮ್ಮ ಕಡೆ ಶೆಡ್ಡುಗಳಲ್ಲಿ ಉಳಿದುಕೊಂಡಿರುವ ಹಳೇ ಕಾರುಗಳೆಂದರೆ ಹೆಚ್ಚಾಗಿ ಇವೆರಡೇ. ಮುಂಬೈಯ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಆಗಿ ತಯಾರಾಗಿ, 1974ರಲ್ಲಿ ಪದ್ಮಿನಿ ಎಂದು ಹೆಸರು ಪಡೆದದ್ದು ಒಂದು. ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, 2014ರಲ್ಲಿ ನಿಂತ ಅಂಬಾಸಿಡರ್ ಇನ್ನೊಂದು. ಇಂಥ ಕಾರು ಮೂರ್ನಾಲ್ಕು ಕೈ ಬದಲಾಗಿರುತ್ತದೆ. ಕೊಂಡವರೆಲ್ಲ ಒಂದೊಂದು ಕೋಟು ಹೊಡೆಸಿರುತ್ತಾರೆ, ಹಿಂದಿನದನ್ನು ತೆಗೆಸದೆ.

ಎಷ್ಟು ಕೋಟು ಎಂದು ತಿಳಿಯಲು ಬಾನೆಟ್ಟಿನ ಒಂದು ಮೂಲೆ ಸಾಕು. ರೂಪಾಯಿ ನಾಣ್ಯದಷ್ಟು ಜಾಗವನ್ನು ಒದ್ದೆ ಮಾಡಿ, 400ರ ವಾಟರ್ ಪೇಪರಿನಲ್ಲಿ ನಡುಭಾಗ ಹೆಚ್ಚು ಸವೆಯುವಂತೆ ನಿಧಾನ ಉಜ್ಜಬೇಕು. ಬಿಳಿಯ ಒಳಗೊಂದು ಬೂದುಬಣ್ಣದ ಉಂಗುರ, ಅದರೊಳಗೆ ಕಡುನೀಲಿ, ಮತ್ತೆ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್, ಆಮೇಲೆ ಯಾರೂ ನೆನಪಿಟ್ಟಿರದ ಒಂದು ತಿಳಿಹಸಿರು, ನಟ್ಟನಡುವೆ ತಗಡಿನ ಹೊಳಪು. ಆ ತಿಳಿಹಸಿರು ಕಾರ್ಖಾನೆಯದೇ ಹೌದೋ ಎಂಬ ಅನುಮಾನ ಬಂದರೆ ಡ್ಯಾಶ್‌ಬೋರ್ಡಿನ ಅಡಿ, ಬಾಗಿಲ ಒಳರಟ್ಟಿನ ಹಿಂದೆ ಟಾರ್ಚ್ ಬಿಟ್ಟು ನೋಡಬಹುದು. ಆ ಜಾಗಗಳಿಗೆ ಸಾಮಾನ್ಯವಾಗಿ ಯಾವ ಪೇಂಟರನ ಗನ್ನೂ ತಲುಪಿರುವುದಿಲ್ಲ. ಶೇಡ್ ಹೊಂದಿಸಲು ಅದಕ್ಕಿಂತ ಒಳ್ಳೆಯ ಮಾದರಿ ಸಿಗದು. ಅಲ್ಲಿ ಕೈಯಿಡಬೇಡ ಎಂದು ಮೊದಲೇ ಹೇಳಿಬಿಡಬೇಕು.

ಬಟ್ಟೆಗೆ ತಿನ್ನರ್ ಹಾಕಿ ಒರೆಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಬಣ್ಣ ಬಟ್ಟೆಗೆ ಬಂತೆಂದರೆ ಅದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಸುಕ್ಕುಗಟ್ಟಿದರೆ ಎನಾಮೆಲ್. ಏನೂ ಆಗದಿದ್ದರೆ ಹಾರ್ಡ್‌ನರ್ ಬೆರೆಸಿದ ಈಚಿನ ಬಣ್ಣ. ತೊಂದರೆ ಹುಟ್ಟುವುದೇ ಇಲ್ಲಿ. ಕೆಳಗಿರುವ ಲ್ಯಾಕರಿನ ಮೇಲೆ ಹೊಸ ಬಣ್ಣದ ಕಟುವಾದ ತಿನ್ನರ್ ಬಿದ್ದರೆ ಕೆಳಗಿನದು ಕರಗಿ ಏಳುತ್ತದೆ, ಮೇಲಿನದನ್ನೂ ಎಬ್ಬಿಸುತ್ತದೆ.

ಹಾಗಂತ ಪ್ರತಿ ಕಾರನ್ನೂ ತಗಡು ಕಾಣುವವರೆಗೆ ಕೆರೆಯಬೇಕೆಂದಲ್ಲ. ಇರುವುದು ಕಾರ್ಖಾನೆಯ ಒಂದೇ ಬಣ್ಣ, ಮಾಸಿದೆ, ಆದರೆ ಹಿಡಿತ ಗಟ್ಟಿಯಾಗಿದೆ ಎಂದಾದರೆ ಕೆರೆಸಬೇಡಿ ಎಂದೇ ನಾನು ಹೇಳುವುದು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ದ ಟ್ಯೂರಿನ್ ಸನ್ನದೂ ಹೊಸದಾಗಿಸುವುದಕ್ಕಿಂತ ಇದ್ದದ್ದನ್ನು ಉಳಿಸಿಕೊಳ್ಳುವುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಪಾಲಿಶ್ ಸಾಕಾಗುವ ಕಾರಿಗೆ ಸ್ಪ್ರೇ ಹೊಡೆಸಿ ಅದರ ಮುಖಚಹರೆಯನ್ನೇ ಅಳಿಸಿದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಕೆರೆಯಲೇಬೇಕೆಂದಾಗ ಗ್ಯಾರೇಜಿನವರ ಕೈ ಮೊದಲು ಹೋಗುವುದು ಪೇಂಟ್ ರಿಮೂವರ್ ಡಬ್ಬಿಗೆ. ಇದರ ಹಳೇ ಹುಲಿ ಮೀಥೈಲೀನ್ ಕ್ಲೋರೈಡ್. ಸುಮಾರು 40 ಡಿಗ್ರಿಗೇ ಕುದಿಯುವ ದ್ರವವಾದ್ದರಿಂದ ಹಚ್ಚುತ್ತಿದ್ದಂತೆ ಆವಿಯಾಗಿ ಹೋಗಬಾರದೆಂದು ರಿಮೂವರ್‌ನಲ್ಲಿ ಮೇಣ ಬೆರೆಸಿರುತ್ತಾರೆ. ಮೇಣ ಮೇಲೆ ತೇಲಿ ಪೊರೆ ಕಟ್ಟುತ್ತದೆ. ಗೋಡೆಗೆ ಸುಣ್ಣ ಬಳಿದ ಹಾಗೆ ಬ್ರಶ್ಶನ್ನು ಹಿಂದೆಮುಂದೆ ಆಡಿಸಿದರೆ ಆ ಪೊರೆ ಹರಿದು ಔಷಧಿಯೆಲ್ಲ ಗಾಳಿಪಾಲು. ದಪ್ಪಗೆ, ಒಂದೇ ದಿಕ್ಕಿನಲ್ಲಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಟ್ಟುಬಿಡಬೇಕು. ಅದಕ್ಕೂ ಮೊದಲು ಒರಟು ಪೇಪರಿನಿಂದ ಬಣ್ಣದ ಮೇಲೆ ಗೀರು ಹಾಕಿದ್ದರೆ ಔಷಧಿ ಬೇಗ ಒಳಗಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಹಾಳೆಯಡಿ ಬಣ್ಣ ಸುಕ್ಕಾಗಿ, ಉಬ್ಬಿ, ಪಟ್ಟಿ ಇಟ್ಟು ತಳ್ಳಿದರೆ ಹಪ್ಪಳೆ ಹಪ್ಪಳೆಯಾಗಿ ಬರುತ್ತದೆ. ನೋಡಲು ಬಹಳ ಖುಷಿ ಕೊಡುವ ಕೆಲಸ. ಅಪಾಯವೂ ಅಷ್ಟೇ.

ಈ ಆವಿ ಉಸಿರಿನಲ್ಲಿ ಒಳಹೋದರೆ ದೇಹ ಅದರ ಒಂದು ಪಾಲನ್ನು ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಈ ಕೆಲಸ ಮಾಡುವವರ ತಲೆ ತಿರುಗುವುದು ಸುಮ್ಮನಲ್ಲ. ಹೃದಯದ ಕಾಯಿಲೆ ಇದ್ದವರಿಗಂತೂ ಜೀವಕ್ಕೇ ಸಂಚಕಾರ. ತೆಳು ರಬ್ಬರ್ ಗ್ಲೌಸನ್ನು ದಾಟಿ ಚರ್ಮ ಮುಟ್ಟಲು ಅದಕ್ಕೆ ಕೆಲವೇ ನಿಮಿಷ ಸಾಕು. ಅಮೆರಿಕ 2019ರಲ್ಲಿ ಇದನ್ನು ಜನಸಾಮಾನ್ಯರು ಕೊಳ್ಳುವ ರಿಮೂವರ್‌ಗಳಿಂದ ಹೊರಗಿಟ್ಟಿತು, ಯುರೋಪ್ ಅದಕ್ಕೂ ಮುಂಚೆಯೇ. ನಮ್ಮಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಬೇಕು. ಕೆಲಸ ಬಯಲಲ್ಲೇ ಆಗಬೇಕು.

ಇನ್ನೊಂದು ಕಾಟ ಸಂದುಗಳದ್ದು. ಬಾಗಿಲ ಅಂಚು, ಮಡ್ಗಾರ್ಡ್ ಕೂಡುವ ಜಾಗ, ಮಡಚಿದ ತಗಡಿನೊಳಗೆ ರಿಮೂವರ್ ಇಳಿದು ಕೂತರೆ ನೀರು ಹಾಕಿ ತೊಳೆದರೂ ಹೊರಬರುವುದಿಲ್ಲ. ತಿಂಗಳಾದ ಮೇಲೆ ನಿಧಾನವಾಗಿ ಒಸರಿ ಹೊಸ ಬಣ್ಣವನ್ನೇ ತಿನ್ನತೊಡಗುತ್ತದೆ. ಅದಕ್ಕೇ ಕೆಲಸ ಬಲ್ಲವರು ಸಂದುಗಳಿಗೆ ಟೇಪ್ ಅಂಟಿಸಿ, ಅಂಚಿನಿಂದ ಒಂದಿಂಚು ಬಿಟ್ಟೇ ಔಷಧಿ ಹಚ್ಚುತ್ತಾರೆ. ಉಳಿದ ಒಂದಿಂಚಿಗೆ ಕೈಯಲ್ಲೇ ಪೇಪರ್.

ಸ್ಯಾಂಡಿಂಗ್ ಮೆಷಿನ್ನಿನಲ್ಲಿ 80ರ ಪೇಪರ್ ಹಾಕಿ ಉಜ್ಜುವುದು ನಿಧಾನದ ಕೆಲಸವಾದರೂ ಹತೋಟಿಯಲ್ಲಿರುತ್ತದೆ. ಅಂಬಾಸಿಡರಿನ ಬಾನೆಟ್ಟಿನ ದುಂಡಗಿನ ಏರು, ಪದ್ಮಿನಿಯ ಪಕ್ಕದಲ್ಲಿ ಹಾದುಹೋಗುವ ಗೆರೆ, ಇಂಥ ಕಡೆ ಮೆಷಿನ್ ಕೆಳಗಿಟ್ಟು ಕೈ ಬಳಸಬೇಕು. ಸವೆದ ಗೆರೆ ಮತ್ತೆ ಬರುವುದಿಲ್ಲ. ಆ ಕಾಲದ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವುದು ಮಾಮೂಲಿ. ಒಣಗಾಗಿ ಉಜ್ಜಿದರೆ ಅದರ ದೂಳು ಮನೆಮಂದಿಯ ಮೂಗಿಗೂ ಹೋಗುತ್ತದೆ. ಮಾಸ್ಕ್ ಇಲ್ಲದ ಹುಡುಗನ ಕೈಗೆ ಮೆಷಿನ್ ಕೊಟ್ಟಿದ್ದರೆ ಗ್ಯಾರೇಜಿನವನನ್ನು ಕೇಳಲು ಸಂಕೋಚ ಬೇಡ.

ಸ್ಯಾಂಡ್‌ಬ್ಲಾಸ್ಟಿಂಗ್? ಚಾಸಿ, ಚಕ್ರ, ಬಂಪರ್ ಬ್ರ್ಯಾಕೆಟ್ಟುಗಳಿಗೆ ಆದೀತು. ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ದಪ್ಪದ ಬಾನೆಟ್ಟಿಗೆ, ಛಾವಣಿಗೆ ಬೇಡವೇ ಬೇಡ. ತಗಡು ಸೊಟ್ಟಗಾಗುವುದು ಬಿಸಿಗೆ ಎಂದು ಎಲ್ಲರೂ ಹೇಳುತ್ತಾರೆ. ಅಸಲು ಕಾರಣ ಮರಳಿನ ಕಣಗಳ ಹೊಡೆತ. ಸಾವಿರಾರು ಪುಟ್ಟ ಪೆಟ್ಟು ಬಿದ್ದು ಒಂದು ಬದಿ ಹಿಗ್ಗುತ್ತದೆ, ತಗಡು ಆ ಕಡೆಗೆ ಉಬ್ಬುತ್ತದೆ. ಅದನ್ನು ಸರಿಮಾಡಲು ಎಂಥ ಟಿಂಕರನಿಗೂ ಕಷ್ಟ. ಮರಳಿನ ದೂಳಿನಿಂದ ಸಿಲಿಕೋಸಿಸ್ ಬರುತ್ತದೆಂದು ಬ್ರಿಟನ್ 1949ರಲ್ಲೇ ಇದಕ್ಕೆ ಸಿಲಿಕಾ ಮರಳು ಬಳಸುವುದನ್ನು ನಿಷೇಧಿಸಿತ್ತು.

ಬಣ್ಣ ಹೋದ ಮೇಲೆ ಎದುರಾಗುವುದು ಕಾರಿನ ನಿಜ. ಎಡಗಡೆ ಮಡ್ಗಾರ್ಡಿನ ಮೇಲೆ ಅರ್ಧ ಇಂಚು ಪುಟ್ಟಿ, ಅದರಡಿ ಯಾರೋ ಸುತ್ತಿಗೆಯಲ್ಲಿ ಒರಟಾಗಿ ಎಬ್ಬಿಸಿದ ಡೆಂಟ್. ಕಾಲಿಡುವ ಹಲಗೆಯ ಕೆಳಗೆ ತೂತು ಮುಚ್ಚಲು ಬೆಸೆದ ತೇಪೆ. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಜರಡಿಯಾದ ತಗಡು. ಬಾಗಿಲ ಕೆಳ ಅಂಚಿನಲ್ಲಿ ನೀರು ಇಳಿದುಹೋಗುವ ತೂತುಗಳು ಮಣ್ಣು ಕಟ್ಟಿ ಮುಚ್ಚಿದ್ದರೆ ತುಕ್ಕು ಒಳಗಿನಿಂದ ಹೊರಗೆ ಬಂದಿರುತ್ತದೆ. ಅಂಥ ಕಡೆ ಹೊರಗೆ ಎಷ್ಟು ಚೊಕ್ಕವಾಗಿ ಕೆರೆದರೂ ಉಪಯೋಗವಿಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಖರ್ಚಿನ ಲೆಕ್ಕ ತಲೆಕೆಳಗಾಗುವುದೂ ಈ ಘಟ್ಟದಲ್ಲೇ. ಹೀಗಾಗಿ ಕೆರೆಯುವ ಕೆಲಸಕ್ಕೆ ಬೇರೆ ಕೂಲಿ, ಟಿಂಕರಿಂಗಿಗೆ ಬೇರೆ, ಪೇಂಟಿಗೆ ಬೇರೆ ಎಂದು ಬರೆಸಿಕೊಳ್ಳಿ. ತಗಡು ಬತ್ತಲಾದ ದಿನ ನೀವೇ ಹೋಗಿ ಪ್ರತಿ ಮೂಲೆಯ ಫೋಟೊ ತೆಗೆದುಕೊಳ್ಳಿ.

ಬತ್ತಲೆ ತಗಡಿಗೆ ರಾತ್ರಿಯ ತಂಪೂ ಆಗದು, ಬೆವರಿನ ಕೈಯೂ ಆಗದು. ಮುಟ್ಟಿದ ಬೆರಳಿನ ಗುರುತು ಮರುದಿನ ಕೆಂಪಾಗಿ ಕಾಣುತ್ತದೆ. ತಿನ್ನರಿನಲ್ಲಿ ಮೇಣ, ಜಿಡ್ಡು ಒರೆಸಿ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಸಬೇಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಈ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ಹವೆಯೇ ಸರಿ. ಪುಟ್ಟಿಯ ಮೇಲೆ ಧಾರಾಳ ನೀರು ಹಾಕಿ ಉಜ್ಜುವ ನಮ್ಮ ರೂಢಿಯನ್ನಂತೂ ಬಿಡಿಸಲೇಬೇಕು. ಪುಟ್ಟಿ ಆ ನೀರನ್ನು ಕುಡಿದಿಟ್ಟುಕೊಂಡು ಆಮೇಲೆ ಗುಳ್ಳೆಯಾಗಿ ಎಬ್ಬಿಸುತ್ತದೆ.

ಕೆರೆದು ಬಂದ ಗಸಿಯನ್ನು ಮೋರಿಗೆ ತಳ್ಳಲು ಬಿಡಬೇಡಿ, ಅದರಲ್ಲಿ ಸೀಸವೂ ಔಷಧಿಯೂ ಇರುತ್ತವೆ. ಕಾಗದಪತ್ರದ ವಿಷಯವೂ ಒಂದಿದೆ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಕಾರನ್ನು ಅದು ಹುಟ್ಟಿದಾಗಿನ ತಿಳಿಹಸಿರಿಗೇ ಮರಳಿಸುತ್ತಿದ್ದೀರಿ ಎನ್ನಿ. ಹಿಂದಿನ ಮಾಲೀಕರು ಆರ್‌ಸಿಯಲ್ಲಿ ಬಿಳಿ ಎಂದು ಬರೆಸಿದ್ದರೆ ಆರ್‌ಟಿಓ ಲೆಕ್ಕದಲ್ಲಿ ನಿಮ್ಮದೇ ಬಣ್ಣ ಬದಲಾವಣೆ!