ಊರಿನಲ್ಲಿ ಕೂತು ಕಲಿಯುವ ಶಾಸ್ತ್ರ

ಡಾಕ್ಟರ್ ಆಗಲು, ಇಂಜಿನಿಯರ್ ಆಗಲು ಏನು ಓದಬೇಕು ಅಂತ ನಮಗೆಲ್ಲ ಗೊತ್ತು. ಆದರೆ ಮನುಷ್ಯರು ಹೇಗೆ ಬದುಕುತ್ತಾರೆ ಅನ್ನುವುದನ್ನೇ ಓದುವ ಒಂದು ವಿಷಯ ಇದೆ. ಅದೇ ಮಾನವಶಾಸ್ತ್ರ. ನನ್ನ ದೊಡ್ಡಮ್ಮನ ಮಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದನ್ನು ಓದುತ್ತಿದ್ದಾಳೆ. ಮೈಸೂರು ವಿಶ್ವವಿದ್ಯಾಲಯದಲ್ಲೂ ಈ ವಿಭಾಗ ಇದೆ. ಅಕ್ಕ ಹೇಳಿದ್ದನ್ನೂ ನಮ್ಮ ಮೇಷ್ಟ್ರು ತಿಳಿಸಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಏನೇನು ಓದುತ್ತಾರೆ?

ಹಳೇ ಕಾಲದ ಮನುಷ್ಯರ ಮೂಳೆ, ಕಲ್ಲಿನ ಆಯುಧ, ಭಾಷೆ, ಮದುವೆ, ನಂಟಸ್ತಿಕೆ, ಹಬ್ಬ, ಊಟ, ಬೇಸಾಯ ಎಲ್ಲವೂ ಇದರಲ್ಲಿ ಬರ್ತದೆ. ನಮ್ಮ ಕಡೆಯ ಅಂಟಿಗೆ-ಪಂಟಿಗೆ, ಭೂಮಿ ಹುಣ್ಣಿಮೆ, ಮಳೆಗಾಲದ ಗೊರಬು ಇವೂ ಪಾಠವೇ. ಗೊರಬು ಯಾರು ಹೆಣೀತಿದ್ರು, ಯಾವ ಎಲೆ ಹಾಕ್ತಿದ್ರು, ಪ್ಲಾಸ್ಟಿಕ್ ಬಂದ ಮೇಲೆ ಹೆಣೆಯುವವರು ಏನು ಮಾಡಿದರು ಅಂತ ವಿಚಾರಿಸಬೇಕು.

ಮಾಡಿ ಕಲಿಯುವುದು

ಈ ಶಾಸ್ತ್ರವನ್ನು ಪುಸ್ತಕ ಓದಿ ಮಾತ್ರ ಕಲಿಯಲಿಕ್ಕೆ ಆಗುವುದಿಲ್ಲ. ವಿದ್ಯಾರ್ಥಿಗಳು ಅಧ್ಯಾಪಕರ ಜೊತೆ ಒಂದು ಹಳ್ಳಿಗೆ ಹೋಗಿ ಉಳಿಯುತ್ತಾರೆ. ಇದಕ್ಕೆ ಕ್ಷೇತ್ರಕಾರ್ಯ ಅಂತ ಹೆಸರು. ಅಲ್ಲಿ ಮುಖ್ಯವಾಗಿ ಮೂರು ಕೆಲಸ.

1. ಊರಿನ ನಕ್ಷೆ ಬರೆಯುವುದು. ಮನೆ, ಬಾವಿ, ಕೆರೆ, ನಾಗಬನ, ಸ್ಮಶಾನ, ಕಾಲುದಾರಿ ಎಲ್ಲ ಅದರಲ್ಲಿ ಇರಬೇಕು.

2. ವಂಶವೃಕ್ಷ ಬರೆಯುವುದು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಲೆಕ್ಕದಲ್ಲಿ ಹಾಕುವ ಸಮ ಚಿಹ್ನೆ. ಪ್ರಪಂಚದ ಎಲ್ಲ ಕಡೆ ಇದೇ ಗುರುತು.

3. ಹಿರಿಯರನ್ನು ಕೇಳಿ ಬರೆದುಕೊಳ್ಳುವುದು. ಕೇಳುವ ಮೊದಲು ಒಪ್ಪಿಗೆ ಪಡೆಯಬೇಕು. ಬೇಡ ಅಂದರೆ ಬರೆಯಬಾರದು. ಕೇಳಿದ್ದನ್ನು ಮರೆಯುವ ಮೊದಲು ಅದೇ ರಾತ್ರಿ ಪೂರ್ತಿ ಬರೆದಿಡಬೇಕು.

ಅಕ್ಕ ಹೇಳಿಕೊಟ್ಟ ಹಾಗೆ ನಾನು ನಮ್ಮ ಮನೆಯ ವಂಶವೃಕ್ಷ ಬರೆದೆ. ಅಜ್ಜಿ ಅಡಿಕೆ ಸುಲಿಯುತ್ತಾ ಹೇಳಿದರು, ನಾನು ಪಕ್ಕದಲ್ಲಿ ಕೂತು ಗುರುತು ಹಾಕಿದೆ. ಐದು ತಲೆಮಾರಿಗೆ 43 ಜನ ಆದರು. ಗಂಡಸರ ಹೆಸರುಗಳು ಅಪ್ಪನಿಗೂ ಗೊತ್ತಿದ್ದವು. ಆದರೆ ಮುತ್ತಜ್ಜಿಯ ತವರುಮನೆ ಯಾವುದು ಅಂತ ಗೊತ್ತಿದ್ದುದು ಅಜ್ಜಿ ಒಬ್ಬರಿಗೇ. ಅದು ನರಸಿಂಹರಾಜಪುರದ ಕಡೆ ಇತ್ತಂತೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದ ಮೇಲೆ ಆ ಮನೆ, ಗದ್ದೆ ಎಲ್ಲ ನೀರಿನಡಿ ಹೋಯಿತು. ಅಣೆಕಟ್ಟು ಮುಗಿದದ್ದು 1965ರಲ್ಲಿ. ಆಗಿನದನ್ನು ಕಣ್ಣಾರೆ ಕಂಡವರಿಗೆ ಈಗ ಬಹಳ ವಯಸ್ಸಾಗಿದೆ. ನಾವು ಕೇಳದಿದ್ದರೆ ಅವರ ಜೊತೆಗೇ ಅದೂ ಹೋಗುತ್ತದೆ.

ಸುಟ್ಟುಹೋದ ಟಿಪ್ಪಣಿ

ಮೈಸೂರಿನವರಾದ ಎಂ. ಎನ್. ಶ್ರೀನಿವಾಸ್ (1916–1999) ಪ್ರಪಂಚಕ್ಕೇ ಹೆಸರಾದ ವಿದ್ವಾಂಸರು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಪುಸ್ತಕದಲ್ಲಿ ಊರಿನ ನಿಜವಾದ ಹೆಸರು ಹಾಕದೆ ರಾಂಪುರ ಅಂತ ಕರೆದರು. 1970ರಲ್ಲಿ ಅವರು ಅಮೆರಿಕದಲ್ಲಿದ್ದಾಗ ಕಿಡಿಗೇಡಿಗಳು ಕಚೇರಿಗೆ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಯ ಮೂರು ಪ್ರತಿಗಳೂ ಸುಟ್ಟವು. ಆದರೂ ಅವರು ಧೈರ್ಯಗೆಡದೆ ಹೆಚ್ಚಾಗಿ ನೆನಪಿನಿಂದಲೇ ಪುಸ್ತಕ ಬರೆದರು. ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಆ ಇಂಗ್ಲಿಷ್ ಪುಸ್ತಕ 1976ರಲ್ಲಿ ಬಂತು. ಜನರ ಜೊತೆ ಬದುಕಿ ಕಲಿತದ್ದು ಮನಸ್ಸಿನಲ್ಲಿ ಉಳಿಯುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

ಇದರಿಂದ ಏನು ಉಪಯೋಗ?

“ಅಜ್ಜಿ ಕಥೆ ಬರೆದರೆ ಹೊಟ್ಟೆ ತುಂಬ್ತದಾ?” ಅಂತ ನಮ್ಮ ಚಿಕ್ಕಪ್ಪ ನಕ್ಕರು. ಅದಕ್ಕೆ ಅಕ್ಕ ಕೊಟ್ಟ ಉತ್ತರ ಕೇಳಿ.

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ ಕಡೆಯ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಕಾಡಿನಲ್ಲಿ ಬದುಕುವವರ ಹಕ್ಕಿಗಾಗಿ 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಹಕ್ಕು ಕೇಳುವ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕಿಂತ ಮೊದಲೇ ಅಲ್ಲಿ ಇದ್ದರು ಅಂತ ತೋರಿಸಬೇಕು. ಬೇರೆಯವರಾದರೆ ಆ ದಿನಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಇದ್ದದ್ದನ್ನು ತೋರಿಸಬೇಕು. ಕಾಗದಪತ್ರ ಇಲ್ಲದವರು ಏನು ಮಾಡುವುದು? ಬಾವಿ, ಸ್ಮಶಾನ, ದೇವರ ಜಾಗ, ಹಳೇ ದಾಖಲೆಯಲ್ಲಿ ಹೆಸರಿರುವವರವರೆಗೆ ಹೋಗುವ ವಂಶಾವಳಿ, ಹಿರಿಯರು ಹೇಳಿ ಬರೆಸಿದ ಮಾತು ಇವೆಲ್ಲ ಸಾಕ್ಷಿ ಆಗಬಹುದು ಅಂತ ನಿಯಮದಲ್ಲೇ ಇದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯಂಥ ಸಂಸ್ಥೆಗಳ ಅಧ್ಯಯನವೂ ಸಾಕ್ಷಿಯೇ. ಮೇಲೆ ಹೇಳಿದ ಮೂರು ಕೆಲಸಗಳನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಬರುವುದೂ ಇವೇ! ಸರಿಯಾಗಿ ಬರೆದಿಟ್ಟರೆ ಒಂದು ಮನೆ ಉಳಿಯಬಹುದು. ಅವಸರದಲ್ಲಿ ತಪ್ಪು ಬರೆದರೆ ಅವರಿಗೇ ತೊಂದರೆ. ಇಷ್ಟು ಕೇಳಿದ ಮೇಲೆ ಚಿಕ್ಕಪ್ಪ ನಗಲಿಲ್ಲ.

ಕೆಲಸ ಎಲ್ಲಿ ಸಿಗುತ್ತದೆ?

1945ರಲ್ಲಿ ಶುರುವಾದ ಆ ಸರ್ವೇಕ್ಷಣೆಯ ಒಂದು ಕೇಂದ್ರ ಮೈಸೂರಿನಲ್ಲೇ ಇದೆ. ವಸ್ತುಸಂಗ್ರಹಾಲಯ, ಬುಡಕಟ್ಟು ಜನರ ಕಲ್ಯಾಣ, ಆರೋಗ್ಯ ಯೋಜನೆಗಳು, ಕಾಲೇಜು ಇಲ್ಲೆಲ್ಲ ಕೆಲಸ ಮಾಡಬಹುದು. ಓದುವಾಗಲೇ ಇಂಥ ಕಡೆ ಸ್ವಲ್ಪ ದಿನ ಇದ್ದು ಅನುಭವ ಪಡೆದರೆ ಮುಂದೆ ಅನುಕೂಲ ಅಂತ ಅಕ್ಕ ಹೇಳುತ್ತಾಳೆ. ಕೆಲಸಕ್ಕೆ ಕಾಯಬೇಕಾಗಿಯೂ ಬರಬಹುದು, ಅದನ್ನೂ ಹೇಳಿದ್ದಾಳೆ.

ನಾವೂ ಮಾಡೋಣ

ಇದಕ್ಕೆ ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು. ಈ ಭಾನುವಾರ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅಜ್ಜಿಯ ತವರು, ಅವರ ಅಮ್ಮನ ತವರು ಯಾವುದು ಅಂತ ಬರೆದು ತನ್ನಿ. ಕೂಲಿಗೆ ಬಂದು ನೆಲೆಸಿದವರ ಮನೆ, ಕಾಡಂಚಿನ ಮನೆ, ತೋಟದ ಮನೆ ಎಲ್ಲರದ್ದೂ ಬೇಕು. ಮುಂದಿನ ಸಂಚಿಕೆಯಲ್ಲಿ ನಮ್ಮ ಊರಿನ ನಕ್ಷೆ ಹಾಕೋಣ. ಗುರುಗಳೂ ತಮ್ಮ ಮನೆಯದ್ದು ಬರೆದುಕೊಡಬೇಕಾಗಿ ವಿನಂತಿ.

– 7ನೇ ತರಗತಿ ವಿದ್ಯಾರ್ಥಿನಿ, ಕೊಪ್ಪ ತಾಲ್ಲೂಕು